ಗ್ಯಾಸ್‌ಬತ್ತಿಯಲ್ಲಿ ನೂರಕ್ಕೊಂದು ಪಾಲು ಸೀರಿಯಂ

ಮೂಡಲಗಿ ಸೀಮೆಯ ಕುಲಗೋಡ ಶ್ರೀಕೃಷ್ಣ ಪಾರಿಜಾತದ ತವರು. ನನ್ನ ಬಾಲ್ಯದಲ್ಲಿ ಪಾರಿಜಾತವೆಂದರೆ ಬೆಳತನಕ ಆಟ, ಅಟ್ಟದ ಎರಡೂ ಬದಿಗೆ ಗ್ಯಾಸ್‌ಬತ್ತಿ. ಆಟಕ್ಕೆ ಮೊದಲು ಒಬ್ಬಾತ ಹೊಸ ಮ್ಯಾಂಟಲ್ ಕಟ್ಟಿ ಕಡ್ಡಿ ಗೀರುತ್ತಿದ್ದ. ನೂಲಿನ ಬಲೆ ಉರಿದು ಬೂದಿಯಾಗುತ್ತಿತ್ತು. ಆಮೇಲೆ ಆ ಬೂದಿಯೇ ಕಣ್ಣು ಕೋರೈಸುವಂತೆ ಬೆಳಗುತ್ತಿತ್ತು. ನೂಲು ಸುಟ್ಟ ಮೇಲೆ ಉಳಿಯುವುದೇನು?

ನೂಲಿಗೆ ಉಣಿಸಿದ ಎರಡು ಲವಣಗಳ ಶೇಷ. ಒಂದು ಥೋರಿಯಂ ನೈಟ್ರೇಟ್, ಇನ್ನೊಂದು ವಿರಳ ಭಸ್ಮ ಲೋಹವಾದ ಸೀರಿಯಂನ ನೈಟ್ರೇಟ್. (ಥೋರಿಯಂ ವಿರಳ ಭಸ್ಮ ಗುಂಪಿನದಲ್ಲ, ಮೋನಜೈಟ್ ಅದಿರಿನಲ್ಲಿ ಅವುಗಳ ಜೊತೆ ಸಿಗುತ್ತದೆ, ಅಷ್ಟೆ.) ಸೀರಿಯಂ ನೈಟ್ರೇಟ್ ಬಣ್ಣವಿಲ್ಲದ ಹರಳು. ಗಾಳಿಯ ತೇವ ಹೀರುತ್ತದೆ, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಕಾಯಿಸಿದರೆ ಕಂದುಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಬಿಟ್ಟುಕೊಟ್ಟು ತಿಳಿಹಳದಿ ಆಕ್ಸೈಡ್ ಆಗುತ್ತದೆ. ಈ ಆಕ್ಸೈಡ್ 2,000 ಡಿಗ್ರಿ ಸೆಲ್ಸಿಯಸ್‌ನಲ್ಲೂ ದ್ರವಿಸದು.

ಆಸ್ಟ್ರಿಯದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಪೇಟೆಂಟ್ ಪಡೆದ ಮ್ಯಾಂಟಲ್‌ನಲ್ಲಿ ಮೆಗ್ನೀಶಿಯಂ, ಲ್ಯಾಂಥನಂ, ಇಟ್ರಿಯಂ ಆಕ್ಸೈಡ್‌ಗಳಿದ್ದವು. ಬೆಳಕು ಹಸಿರುಛಾಯೆಯದು, ಬಲೆ ಬೇಗ ಪುಡಿಯಾಗುತ್ತಿತ್ತು, ಉದ್ಯಮ ಕೈಕೊಟ್ಟಿತು. 1891ರಲ್ಲಿ ಆತ 99 ಪಾಲು ಥೋರಿಯಂ ಆಕ್ಸೈಡಿಗೆ 1 ಪಾಲು ಸೀರಿಯಂ ಆಕ್ಸೈಡ್ ಸೇರಿಸಿದ. ಜಗತ್ತೇ ಕೊಂಡುಕೊಂಡಿತು.

ಒಂದೇ ಪಾಲು ಏಕೆ? ಥೋರಿಯಂ ಆಕ್ಸೈಡ್ ಅವಗೆಂಪು ಕಿರಣಗಳನ್ನು ಬಹಳ ಕಡಿಮೆ ಸೂಸುತ್ತದೆ. ಆದ್ದರಿಂದ ಜ್ವಾಲೆಯಲ್ಲಿ ಬಿಸಿಯಾಗಿಯೇ ಉಳಿಯುತ್ತದೆ. ಆದರೆ ದೃಗ್ಗೋಚರ ಬೆಳಕನ್ನೂ ಅದು ಚೆನ್ನಾಗಿ ಸೂಸದು. ಸೀರಿಯಂ ಆಕ್ಸೈಡ್ ದೃಗ್ಗೋಚರ ಬೆಳಕನ್ನು, ಅದರಲ್ಲೂ ನೀಲಿಯನ್ನು, ಹೀರುತ್ತದೆ. ಕಿರ್ಕಾಫ್ ನಿಯಮದಂತೆ ಚೆನ್ನಾಗಿ ಹೀರುವುದು ಚೆನ್ನಾಗಿ ಸೂಸುತ್ತದೆ. ಆದರೆ ಅದರ ಪಾಲು ಹೆಚ್ಚಿದರೆ ಅವಗೆಂಪು ಸೂಸಿಕೆಯೂ ಹೆಚ್ಚಿ ಮ್ಯಾಂಟಲ್ ತಣಿಯುತ್ತದೆ, ಬೆಳಕು ಕುಗ್ಗುತ್ತದೆ. ಪಠ್ಯಪುಸ್ತಕದ ಕೃಷ್ಣಕಾಯಕ್ಕಿಂತ ಈ ಬೂದಿ ವಿಕಿರಣದ ಪಾಠವನ್ನು ಚೆನ್ನಾಗಿ ಕಲಿಸುತ್ತದೆ ಎಂಬುದು ನನ್ನ ಅನುಭವ.

ಮೋನಜೈಟ್ ನಮ್ಮಲ್ಲೇ ಇತ್ತು. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞ ತಿರುವಾಂಕೂರಿನ ತೆಂಗಿನ ನಾರಿಗೆ ಅಂಟಿದ್ದ ಮರಳಿನಿಂದ ಅದರ ಸುಳಿವು ಹಿಡಿದ. 1952ರಲ್ಲಿ ಆಲುವೆಯಲ್ಲಿ ಸಂಸ್ಕರಣ ಕಾರ್ಖಾನೆ ಬಂತು.

ಗೋಕಾಕ ಜಲಪಾತದ ನೀರಿನ ಬಲ 1887ರಿಂದಲೇ ಹತ್ತಿಗಿರಣಿ ತಿರುಗಿಸುತ್ತಿತ್ತು. ಸುತ್ತಲ ಹಳ್ಳಿಗಳ ಇರುಳಿಗೆ ಮಾತ್ರ ಗ್ಯಾಸ್‌ಬತ್ತಿಯೇ ಗತಿ. ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ.

ಒಡೆದ ಮ್ಯಾಂಟಲ್ ಬೂದಿಯನ್ನು ನಾವು ಹುಡುಗರು ಊದಿ ಆಡುತ್ತಿದ್ದೆವು. ಆಡಬಾರದಿತ್ತು. ಥೋರಿಯಂ ವಿಕಿರಣಶೀಲ, ಅರ್ಧಾಯು ಸುಮಾರು 1,400 ಕೋಟಿ ವರ್ಷ. ಅದರ ಧೂಳು ಶ್ವಾಸಕೋಶ ಸೇರುವುದೇ ಅಪಾಯ. ಅನೇಕ ದೇಶಗಳಲ್ಲಿ ಮ್ಯಾಂಟಲ್ ತಯಾರಕರು ಥೋರಿಯಂ ಬಿಟ್ಟು ಇಟ್ರಿಯಂಗೆ ಮರಳಿದ್ದಾರೆ. ನಿಮ್ಮ ಪ್ರಯೋಗಾಲಯದಲ್ಲಿ ಹಳೆಯ ಮ್ಯಾಂಟಲ್ ಪೊಟ್ಟಣವಿದ್ದರೆ ಬಿಚ್ಚದೆಯೇ ಗೈಗರ್ ಗಣಕದ ಮುಂದೆ ಹಿಡಿಯಿರಿ. ಟಿಕ್‌ಟಿಕ್ ಸದ್ದು ಕೇಳಿದರೆ ಅದು 99 ಪಾಲಿನದು, ಸೀರಿಯಂನದಲ್ಲ.