ಕಾಟಾದ ಮುಂದಿನ ಸಾಲು

ಕಬ್ಬಿನ ಹಂಗಾಮಿನಲ್ಲಿ ಮಹಾರಾಷ್ಟ್ರದ ಗಡಿಭಾಗದ ಗುಂಜೋಟಿಯಿಂದ ಉಮರ್ಗಾ, ಮುರೂಮ್ ಕಡೆ ಹೋದವರಿಗೆ ಈ ನೋಟ ಹೊಸದಲ್ಲ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮುಂದೆ ಟ್ರ್ಯಾಕ್ಟರು, ಲಾರಿ, ಎತ್ತಿನ ಗಾಡಿಗಳ ಸಾಲು. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತಿರುತ್ತದೆ. ತಡವಾದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಹೀಗೆ ಕಾಯುವುದಕ್ಕೂ ಒಂದು ಗಣಿತವಿದೆ. ಅದನ್ನು ಜಗತ್ತಿಗೆ ಕಲಿಸಿದವರಲ್ಲಿ ಒಬ್ಬರು ಧಾರವಾಡದಲ್ಲಿ ಪಾಠ ಹೇಳಿದವರು.

ಆ ಗಣಿತ ಆಪರೇಷನ್ಸ್ ರಿಸರ್ಚಿನ ಒಂದು ಕವಲು. ಹುಡುಗರ ಬಾಯಲ್ಲಿ ಬರೀ ‘ಓಆರ್’. ಕನ್ನಡದಲ್ಲಿ ‘ಕಾರ್ಯಾಚರಣೆ ಸಂಶೋಧನೆ’ ಎಂದರೆ ಬಿ.ಎಡ್. ಮಾಡಿದವರು ತಮ್ಮ ‘ಕ್ರಿಯಾ ಸಂಶೋಧನೆ’ ಎಂದುಕೊಳ್ಳುವ ಅಪಾಯವಿದೆ. ಎರಡಕ್ಕೂ ನಂಟಿಲ್ಲ.

ಓಆರ್ ಹುಟ್ಟಿದ್ದು ತರಗತಿಯಲ್ಲಲ್ಲ. 1930ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ರಾಡಾರ್ ಸಿದ್ಧವಾಗಿತ್ತು, ಅದು ಕೊಟ್ಟ ಸುದ್ದಿಯನ್ನು ಬಳಸುವ ಬಗೆ ಗೊತ್ತಿರಲಿಲ್ಲ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಬೇರೆಬೇರೆ ಶಾಸ್ತ್ರದವರನ್ನು ಸೇರಿಸಿ ಕಟ್ಟಿದ ತಂಡಕ್ಕೆ ‘ಬ್ಲ್ಯಾಕೆಟ್ಟರ ಸರ್ಕಸ್’ ಎಂದೇ ಹೆಸರಾಯಿತು. ಅತ್ತ ಲೆನಿನ್‌ಗ್ರಾಡಿನಲ್ಲಿ ಪ್ಲೈವುಡ್ ಉದ್ಯಮದವರು ಯಾವ ಯಂತ್ರಕ್ಕೆ ಯಾವ ಕೆಲಸ ಕೊಡಬೇಕೆಂದು ಕೇಳಿದರು. ಗಣಿತಜ್ಞ ಕ್ಯಾಂಟೊರೊವಿಚ್ 1939ರಲ್ಲಿ ಉತ್ತರವನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದರು. 1947ರಲ್ಲಿ ಅಮೆರಿಕದ ಡಾಂಟ್ಜಿಗ್ ಇಂಥ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕೊಟ್ಟರು. ಮೊದಲು ಯಾರದೋ ತಾಪತ್ರಯ, ಆಮೇಲೆ ಗಣಿತ. ಪಠ್ಯಪುಸ್ತಕ ಈ ಕ್ರಮವನ್ನು ತಲೆಕೆಳಗು ಮಾಡಿತು.

ಭಾರತದ ಮೊದಲ ಓಆರ್ ಘಟಕ 1949ರಲ್ಲಿ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಶುರುವಾಯಿತೆಂದು ನಮ್ಮ ಪಠ್ಯಗಳ ಮೊದಲ ಅಧ್ಯಾಯ ಹೇಳುತ್ತದೆ. ಆಗ ಗುಂಜೋಟಿ, ನಿಲಂಗಾ, ಉದಗೀರಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಬೀದರ, ಕಲಬುರಗಿಗಳೂ. ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸರು ಈ ವಿದ್ಯೆಯನ್ನು ದೇಶದ ಯೋಜನೆಗೆ ಹಚ್ಚಿದರು. 1957ರಲ್ಲಿ ಭಾರತದ ಓಆರ್ ಸೊಸೈಟಿ, 1963ರಲ್ಲಿ ಮುಂಬೈಯಲ್ಲಿ ಕೈಗಾರಿಕಾ ಎಂಜಿನಿಯರಿಂಗ್ ಕಲಿಸಲು ನೀಟಿ ಸಂಸ್ಥೆ ಬಂದವು. ಇವೆಲ್ಲ ಪಠ್ಯದಲ್ಲಿವೆ, ಪರೀಕ್ಷೆಗೆ ಎರಡು ಅಂಕ.

ಧಾರವಾಡದ ಕತೆ ಪಠ್ಯದಲ್ಲಿಲ್ಲ. 1950ರ ದಶಕದಲ್ಲಿ, ಇನ್ನೂ ಎಳೆಯದಾಗಿದ್ದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವರು ಎನ್.ಯು. ಪ್ರಭು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯ ಎರ್ಲಾಂಗ್ 1909ರಲ್ಲಿ ಆರಂಭಿಸಿದ ಸಾಲಿನ ಗಣಿತವನ್ನು ಅವರು ಬೆಳೆಸಿದರು. ಮುಂದೆ ಆಸ್ಟ್ರೇಲಿಯ, ಆಮೇಲೆ ಕಾರ್ನೆಲ್. 1965ರಲ್ಲಿ ಅವರ ‘ಕ್ಯೂಸ್ ಅಂಡ್ ಇನ್ವೆಂಟರೀಸ್’, 1986ರಲ್ಲಿ ಸಾಲುಗಳಿಗೇ ಮೀಸಲಾದ ಸಂಶೋಧನಾ ಪತ್ರಿಕೆ. ಧಾರವಾಡದಲ್ಲೇ ಓದಿದ ಯು. ನಾರಾಯಣ ಭಟ್ಟರು ಡಲ್ಲಾಸಿನಲ್ಲಿ ಪ್ರಾಧ್ಯಾಪಕರಾಗಿ ಅದೇ ವಿಷಯದ ಪಠ್ಯ ಬರೆದರು.

ಆ ಗಣಿತ ಏನು ಹೇಳುತ್ತದೆ? ಒಂದು ಕಾಟಾ ಗಂಟೆಗೆ ಸರಾಸರಿ 20 ಗಾಡಿ ತೂಗಬಲ್ಲದು ಎನ್ನಿ. ಗಾಡಿಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ, ತೂಗುವ ವೇಳೆಯೂ ಒಂದೊಂದಕ್ಕೆ ಒಂದೊಂದು. ಗಂಟೆಗೆ 18 ಬಂದರೆ, ಸರಳ ಮಾದರಿಯ ಪ್ರಕಾರ, ಒಂದು ಗಾಡಿ ಬಂದು ತೂಗಿಸಿಕೊಂಡು ಹೋಗಲು ಸರಾಸರಿ ಅರ್ಧ ಗಂಟೆ. 19 ಬಂದರೆ ಪೂರ್ತಿ ಒಂದು ಗಂಟೆ. ಹೆಚ್ಚಾದದ್ದು ಗಂಟೆಗೆ ಒಂದೇ ಗಾಡಿ, ಹಿಡಿಯುವ ಹೊತ್ತು ಎರಡು ಪಟ್ಟು! ‘ಕಾಟಾಕ್ಕೆ ಇನ್ನೂ ಸ್ವಲ್ಪ ಬಿಡುವಿದೆಯಲ್ಲ, ಗಾಡಿ ಕಳಿಸಿ’ ಎನ್ನುವವರಿಗೆ ಇದು ತೋಚುವುದಿಲ್ಲ. ನನಗೂ ಸೂತ್ರ ಹಾಕಿ ನೋಡುವವರೆಗೆ ತೋಚಿರಲಿಲ್ಲ.

ಈಗ ಮಹಾರಾಷ್ಟ್ರ-ಕರ್ನಾಟಕ ಗಡಿಯ ಎರಡೂ ಬದಿಯ ತರಗತಿ ನೋಡೋಣ. ಉಮರ್ಗಾದಲ್ಲಿ ಹನ್ನೆರಡನೆಯ ಕಾಮರ್ಸ್ ಓದುವ ಹುಡುಗಿ ಮಹಾರಾಷ್ಟ್ರ ಬೋರ್ಡಿನ ಗಣಿತದಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಜೊತೆಗೆ ಅಸೈನ್‌ಮೆಂಟ್, ಸೀಕ್ವೆನ್ಸಿಂಗ್ ಕಲಿಯುತ್ತಾಳೆ: ಯಾರಿಗೆ ಯಾವ ಕೆಲಸ, ಯಾವುದರ ಮುಂದೆ ಯಾವುದು. ಬಸವಕಲ್ಯಾಣದಲ್ಲಿ ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರ ತೆಗೆದುಕೊಂಡ ಅವಳ ಸೋದರಮಾವನ ಮಗ ಸಾಗಣೆ, ದಾಸ್ತಾನು, ಹಳೆ ಯಂತ್ರದ ಬದಲಾವಣೆ, ಆಟದ ಸಿದ್ಧಾಂತ ಕಲಿಯುತ್ತಾನೆ. ಇಬ್ಬರೂ ಒಂದೇ ಜಗಲಿಯ ಮೇಲೆ ಕುಳಿತರೆ ಓಆರ್ ಪುಸ್ತಕದ ಬಹುಪಾಲು ತುಂಬುತ್ತದೆ. ಸಾಲಿನ ಗಣಿತ ಮಾತ್ರ ಎರಡರಲ್ಲೂ ಇಲ್ಲ. ಅದಕ್ಕೆ ಪದವಿ ತರಗತಿ ಸೇರುವವರೆಗೆ ಕಾಯಬೇಕು, ಅಲ್ಲಿಯೂ ಉದಾಹರಣೆ ಬ್ಯಾಂಕಿನ ಕೌಂಟರು.

ಆ ಹುಡುಗಿ ಅಸೈನ್‌ಮೆಂಟ್ ಲೆಕ್ಕಕ್ಕೆ ಕಲಿಯುವ ಹಂಗೇರಿಯನ್ ವಿಧಾನದ ಕತೆಯನ್ನು ಗಡಿಯವರಿಗೆ ಹೇಳಲೇಬೇಕು. ಅಮೆರಿಕದ ಹೆರಾಲ್ಡ್ ಕೂನ್ ಎಗರ್ವಾರಿ ಹಂಗೇರಿಯನ್ ಭಾಷೆಯಲ್ಲಿ ಬರೆದ ಲೇಖನವನ್ನು ವ್ಯಾಕರಣ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ, 1955ರಲ್ಲಿ ವಿಧಾನಕ್ಕೆ ಆ ಹೆಸರಿಟ್ಟರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮ ಮಕ್ಕಳಿಗೆ ಆ ಪಾಡು ಥಟ್ಟನೆ ಅರ್ಥವಾಗುತ್ತದೆ.

ಸಾಗಣೆ ಲೆಕ್ಕಕ್ಕೂ ಊರ ಉದಾಹರಣೆ ಇದೆ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂತು. ಮೊದಲು 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್, ಆಮೇಲೆ 50 ವ್ಯಾಗನ್. ಪುಸ್ತಕದ ಸಾಗಣೆ ಲೆಕ್ಕ ಖರ್ಚು ಕಡಿಮೆ ಮಾಡು ಎನ್ನುತ್ತದೆ. ಅಂದು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು?

ದೊಡ್ಡ ಲೆಕ್ಕ ಬಿಡಿಸುವುದು ಈಗ ಕಷ್ಟವಲ್ಲ. 1984ರಲ್ಲಿ ನರೇಂದ್ರ ಕರ್ಮರ್ಕರ್ ಬೆಲ್ ಲ್ಯಾಬ್ಸಿನಲ್ಲಿ ಕಂಡುಹಿಡಿದ ವಿಧಾನದ ನಂತರ ಸಾಫ್ಟ್‌ವೇರುಗಳು ಬಹಳ ಮುಂದೆ ಹೋಗಿವೆ. ಎಕ್ಸೆಲ್‌ನಲ್ಲೇ ಸಾಲ್ವರ್ ಇದೆ. ಆದರೂ ಪರೀಕ್ಷೆಯಲ್ಲಿ ಮೂರು ಸಾಲು, ನಾಲ್ಕು ಕಂಬದ ಕೋಷ್ಟಕವನ್ನು ಕೈಯಲ್ಲೇ ತಿದ್ದಿಸುತ್ತೇವೆ. ಲೆಕ್ಕ ಬಿಡಿಸುವುದು ಬರುತ್ತದೆ, ಲೆಕ್ಕ ಕಟ್ಟುವುದು ಬರುವುದಿಲ್ಲ.

ಕಟ್ಟುವುದನ್ನು ನೋಡಬೇಕೆಂದರೆ ಕಾರ್ಖಾನೆಯ ಸ್ಲಿಪ್ ಬಾಯ್ ಹಿಂದೆ ಒಂದು ದಿನ ತಿರುಗಬೇಕು. ಕಬ್ಬು ನೆಟ್ಟ ತಾರೀಖಿನ ನೋಂದಣಿ ಅವನ ಬಳಿ ಇರುತ್ತದೆ. ಯಾವ ಹೊಲಕ್ಕೆ ಕಡಿಯುವವರ ಯಾವ ಟೋಳಿ, ಯಾವ ಪಾಳಿಯಲ್ಲಿ ಕಡಿತ, ಎಷ್ಟು ಗಾಡಿ ಎಂಬುದೆಲ್ಲ ಅವನು ಹರಿದುಕೊಡುವ ಚೀಟಿಯಲ್ಲಿ. ಒಂದು ಕಡೆ ಟೋಳಿಯ ಮುಕಾದಮನ ಜಗಳ, ಇನ್ನೊಂದು ಕಡೆ ರೈತನ ಫೋನು. ಅಸೈನ್‌ಮೆಂಟ್, ಸೀಕ್ವೆನ್ಸಿಂಗ್, ಸಾಗಣೆ ಮೂರೂ ಒಟ್ಟಿಗೆ, ಕೊನೆಗೆ ಕಾಟಾದ ಮುಂದೆ ಸಾಲು. ಮೋಟರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಚೀಟಿಯ ಪುಸ್ತಕ ಇಟ್ಟುಕೊಂಡು ಅವನು ನಾಳೆಯ ಚೀಟಿ ಬರೆಯುತ್ತಾನೆ.