ಏರುವುದೋ, ಹೇರುವುದೋ?

ಬಸ್ಸು ಹತ್ತುವುದಕ್ಕೆ ಇಂಗ್ಲಿಷಿನಲ್ಲಿ ‘ಎಂಬಸ್’ ಎಂಬ ಒಂದೇ ಪದವಿದೆ. ನಿಲ್ದಾಣದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅದು ಸೈನ್ಯದ ಆದೇಶಪತ್ರದ ಮಾತು. ಇಳಿಯುವುದಕ್ಕೆ ‘ಡಿಬಸ್’. ರೈಲಾದರೆ ‘ಎಂಟ್ರೇನ್’, ‘ಡಿಟ್ರೇನ್’. ವಿಮಾನವಾದರೆ ‘ಎಂಪ್ಲೇನ್’, ‘ಡಿಪ್ಲೇನ್’. ಈ ಮನೆತನದ ಹಿರಿಯ ‘ಎಂಬಾರ್ಕ್’. ಬಾರ್ಕ್ ಎಂದರೆ ಹಡಗು. ಪದ ಫ್ರೆಂಚಿನಿಂದ ಬಂದದ್ದು. ಅದೇ ಅಚ್ಚಿನಲ್ಲಿ 19ನೆಯ ಶತಮಾನದಲ್ಲಿ ರೈಲಿನ ಪದವನ್ನೂ, ಮೊದಲ ಮಹಾಯುದ್ಧದಲ್ಲಿ ಬಸ್ಸಿನ ಪದವನ್ನೂ, ಆ ಯುದ್ಧದ ತರುವಾಯ ವಿಮಾನದ ಪದವನ್ನೂ ಎರಕ ಹೊಯ್ದರು.

‘ಬಸ್’ ಎಂಬುದೂ ಇಡೀ ಪದವಲ್ಲ. ‘ಎಲ್ಲರಿಗಾಗಿ’ ಎಂಬ ಅರ್ಥದ ‘ಆಮ್ನಿಬಸ್’ ಎಂಬ ಲ್ಯಾಟಿನ್ ಪದದ ಬಾಲ ಮಾತ್ರ. ಆ ಬಾಲಕ್ಕೆ ಮುಂದೊಂದು ತಲೆ ಅಂಟಿಸಿದ್ದು ಸೈನ್ಯ!

ಇಂಥ ಪದಗಳು ಬೇಕಾದದ್ದು ಏಕೆಂದರೆ, ಒಬ್ಬ ಪ್ರಯಾಣಿಕ ಬಸ್ಸು ಹತ್ತುವುದು ಒಂದು ಮಾತು, ಸಾವಿರ ಜನರ ಪಡೆ ಹತ್ತುವುದು ಬೇರೆಯೇ ಮಾತು. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಕೆಲವೇ ಪದಗಳಲ್ಲಿ ಬರೆಯಬೇಕು. 1914ರ ಕೊನೆಯ ತಿಂಗಳುಗಳಿಂದ ಲಂಡನ್ನಿನ 900ಕ್ಕೂ ಹೆಚ್ಚು ಬಸ್ಸುಗಳು ಫ್ರಾನ್ಸ್ ಮತ್ತು ಬೆಲ್ಜಿಯಂ ರಣರಂಗದಲ್ಲಿ ದುಡಿದವು. ಖಾಕಿ ಬಣ್ಣ ಬಳಿದು, ಕಿಟಕಿಗಳಿಗೆ ಹಲಗೆ ಬಡಿದು, ಒಂದೊಂದರಲ್ಲಿ ಸರಂಜಾಮು ಸಮೇತ ಸುಮಾರು 25 ಸೈನಿಕರನ್ನು ಒಯ್ಯುತ್ತಿದ್ದರು. ಅಂಥದೊಂದು ಬಸ್ಸು, ‘ಓಲ್ ಬಿಲ್’, ಲಂಡನ್ನಿನ ಇಂಪೀರಿಯಲ್ ಯುದ್ಧ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ನನ್ನನ್ನು ಕಾಡಿದ ವಿಷಯ ಬೇರೆ. ಈ ಪದಗಳಿಗೆ ಎರಡು ಮುಖಗಳಿವೆ. ಸೈನಿಕ ತಾನೇ ಹತ್ತಿದರೂ ‘ಎಂಟ್ರೇನ್’. ಅಧಿಕಾರಿ ಅವನನ್ನು ಹತ್ತಿಸಿದರೂ ‘ಎಂಟ್ರೇನ್’. ಕನ್ನಡದಲ್ಲಿ ಮನುಷ್ಯರು ಗಾಡಿ ಏರುತ್ತಾರೆ, ಮೂಟೆಗಳನ್ನು ಹೇರುತ್ತೇವೆ. ಹಕಾರ ಬಿಟ್ಟು ಆಡುವ ನಮ್ಮ ಹಳ್ಳಿಗರ ಬಾಯಲ್ಲಿ ಮಾತ್ರ ಎರಡೂ ಒಂದೇ! ಸೈನ್ಯದ ಪದ ಆ ವ್ಯತ್ಯಾಸವನ್ನು ತಿಳಿದೇ ಅಳಿಸಿತೆಂದು ನಾನು ಹೇಳಲಾರೆ. ಆದರೆ ಫ್ರಾನ್ಸಿನ ಸರಕು ಡಬ್ಬಿಗಳ ಹೊರಗೆ ಆಗ ‘40 ಜನ, 8 ಕುದುರೆ’ ಎಂದು ಬರೆದಿರುತ್ತಿತ್ತು. ಅದೇ ಡಬ್ಬಿಯಲ್ಲಿ ಇಂದು ಜನ, ನಾಳೆ ಕುದುರೆ.

ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳವೂ 1914ರಲ್ಲಿ ಹಡಗೇರಿ ಈಜಿಪ್ಟಿಗೆ ಹೋಯಿತು. ಸವಾರ ಹಲಗೆಯ ಮೇಲೆ ನಡೆದು ಹಡಗು ಸೇರಬಹುದು. ಕುದುರೆಯನ್ನು ಲಗಾಮು ಹಿಡಿದು ನಡೆಸಬೇಕು, ಇಲ್ಲವೇ ಹೊಟ್ಟೆಗೆ ಪಟ್ಟಿ ಕಟ್ಟಿ ಎತ್ತಬೇಕು. ಇಬ್ಬರಿಗೂ ಇಂಗ್ಲಿಷಿನಲ್ಲಿ ‘ಎಂಬಾರ್ಕ್’ ಒಂದೇ. 1918ರ ಸೆಪ್ಟೆಂಬರ್ 23ರಂದು ಇದೇ ದಳ ಜೋಧಪುರ ಲ್ಯಾನ್ಸರ್ಸ್ ಜೊತೆ ಹೈಫಾ ನಗರವನ್ನು ಗೆದ್ದಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರು ಅಶ್ವದಳಗಳ ನೆನಪಿನವು. ಮೂವರೂ ನೆಲದ ಮೇಲೆ ನಿಂತಿದ್ದಾರೆ. ಕುದುರೆಗಳಿಲ್ಲ.