ರಾಘವಾಂಕನ ಐದು ಹಲ್ಲುಗಳು ಮತ್ತು ಪುಲಿಗೆರೆಯ ಆದಯ್ಯ



ಅಂತರಂಗ ಬಹಿರಂಗಗಳ ಶುದ್ಧಿಗೆಂದು ಬಸವಣ್ಣನವರು ಹೇಳಿದ ಏಳು ನಿಷೇಧಗಳು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠವಾಗಿವೆ. ಆ ಸಾಲಿನಲ್ಲಿ ಕಳವು, ಕೊಲೆ, ಹುಸಿ ಇವುಗಳ ಬೆನ್ನಿಗೇ ನಾಲ್ಕನೆಯದಾಗಿ ಬರುವುದು ಕೋಪ. ಕೊಲೆ ಕಳವುಗಳ ಪಂಕ್ತಿಯಲ್ಲಿ ಕೋಪವನ್ನು ಏಕೆ ಕೂಡಿಸಿದರು ಎಂದು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಕಳ್ಳನನ್ನು ಊರೇ ಹಿಡಿದು ಕೊಡುತ್ತದೆ, ಸುಳ್ಳುಗಾರನನ್ನು ನೆರೆಯವರು ದೂರವಿಡುತ್ತಾರೆ. ಸಿಟ್ಟು ಮಾತ್ರ 'ಅವರ ಸ್ವಭಾವವೇ ಹಾಗೆ' ಎಂಬ ಮಾತಿನ ಮರೆಯಲ್ಲಿ ಮನೆಯೊಳಗೆ ಮರ್ಯಾದೆಯಿಂದಲೇ ಬಾಳಿಬಿಡುತ್ತದೆ. ಅದರಲ್ಲಿಯೂ ಹಿರಿಯರ ಸಿಟ್ಟಿಗೆ ಕೇಳುವವರೇ ಇಲ್ಲ. ಕೋಪದಿಂದ ಮೊದಲು ಕೆಡುವುದು ಕೋಪಗೊಂಡವನ ಹಿರಿತನವೇ ಎಂಬ ವಿಚಾರವನ್ನು ಅಣ್ಣನವರು ಬೇರೊಂದು ವಚನದಲ್ಲಿ ಮುಂದಿಟ್ಟಿರುವುದು ಈ ಕಾರಣದಿಂದಲೇ ಇರಬೇಕು.

ಹಿರಿಯರೊಬ್ಬರ ಕೋಪ, ಅದಕ್ಕೆ ಗುರಿಯಾದ ತರುಣನೊಬ್ಬ, ಆ ಗಾಯ ಮಾಯ್ದ ಬಗೆ, ಈ ಮೂರನ್ನೂ ಒಳಗೊಂಡ ಪುರಾತನ ಕಥೆಯೊಂದು ನಮ್ಮ ಪರಂಪರೆಯಲ್ಲಿದೆ. ಅದರ ಒಂದು ತುದಿ ಹಂಪೆಯಲ್ಲಿ, ಇನ್ನೊಂದು ತುದಿ ನಮ್ಮ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಹೆಸರಿಸುವ ನಾಲ್ಕು ಸ್ಥಳಗಳಲ್ಲಿ ಅದೂ ಒಂದು.

ಸುಮಾರು 1200ರ ಆಸುಪಾಸಿನ ಮಾತು. ಶರಣರ ಚರಿತೆಗಳನ್ನು ರಗಳೆಗಳಲ್ಲಿ ಕಟ್ಟಿಕೊಟ್ಟ ಹರಿಹರ ಮಹಾಕವಿಯು ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿದ್ದನು. ಅವನ ಸೋದರಳಿಯನೂ ಶಿಷ್ಯನೂ ಆದವನು ರಾಘವಾಂಕ. ನರರನ್ನು ಹೊಗಳಿ ಕಾವ್ಯ ಬರೆಯಬಾರದೆಂಬುದು ಮಾವನ ಕಠಿಣ ವ್ರತ. ಅಳಿಯನಾದರೋ ಸತ್ಯಕ್ಕಾಗಿ ರಾಜ್ಯ, ಸತಿ, ಸುತರನ್ನು ಕಳೆದುಕೊಂಡ ಅರಸನನ್ನು ಕುರಿತು 'ಹರಿಶ್ಚಂದ್ರ ಕಾವ್ಯ'ವನ್ನು ಬರೆದನು. ಅದನ್ನು ತಿಳಿದ ಹರಿಹರನು ಕೋಪದಿಂದ ಕಾಲ ಪಾದರಕ್ಷೆಯನ್ನೆತ್ತಿ ಹೊಡೆದನೆಂದೂ, ರಾಘವಾಂಕನ ಐದು ಹಲ್ಲುಗಳು ಉದುರಿದವೆಂದೂ, ಬಳಿಕ ಅವನು ಐದು ಶಿವಪರ ಕೃತಿಗಳನ್ನು ರಚಿಸುತ್ತ ಹೋದಂತೆ ಒಂದೊಂದು ಕೃತಿಗೆ ಒಂದೊಂದು ಹಲ್ಲು ಮರಳಿ ಬಂದಿತೆಂದೂ ಐತಿಹ್ಯವು ಹೇಳುತ್ತದೆ.

ಹಲ್ಲು ಮರಳಿ ಬಂದುದನ್ನು ಇತಿಹಾಸದ ಘಟನೆಯೆಂದು ಯಾರೂ ವಾದಿಸುವುದಿಲ್ಲ. ಆ ಕವಿಗಳ ಕಾಲದ ಎಷ್ಟೋ ತರುವಾಯ ಹೆಣೆದ ಕಥೆಯಿದು. ಆದರೆ ಒಂದು ಸಮಾಜ ತನ್ನ ಪೂಜ್ಯ ಕವಿಯೊಬ್ಬನ ಬಗ್ಗೆ ಇಂಥ ಕಥೆಯನ್ನು ಕಟ್ಟಿ, ಅದನ್ನು ಮುಚ್ಚಿಡದೆ ತಲೆಮಾರುಗಳ ಕಾಲ ಹೇಳಿಕೊಂಡು ಬಂದಿತಲ್ಲ, ಅದು ಮಾತ್ರ ಇತಿಹಾಸವೇ. ಹರಿಹರನ ಹಿರಿಮೆಗೆ ಕುಂದು ಬಂದೀತೆಂದು ಅವರು ಅಂಜಲಿಲ್ಲ. ಗುರುವಿಗೂ ಕೈ ಮೀರಬಹುದು, ಮೀರಿದರೆ ಎದುರಿಗಿದ್ದವನ ಬಾಯಲ್ಲಿ ರಕ್ತ ಬರುತ್ತದೆ ಎಂಬುದನ್ನು ನೇರವಾಗಿ ಹೇಳಿದರು. ಉದುರಿದ್ದು ಹಲ್ಲು ಎಂಬುದನ್ನೂ ಗಮನಿಸಬೇಕು. ಹಲ್ಲಿಲ್ಲದ ಬಾಯಿಂದ ಅಕ್ಷರಗಳು ಸರಿಯಾಗಿ ಹೊರಡುವುದಿಲ್ಲ. ಪದ್ಯ ಹೇಳುವವನಿಗೆ ಅದಕ್ಕಿಂತ ದೊಡ್ಡ ಹಾನಿ ಯಾವುದು?

ಹರಿಹರನ ನಿಲುವಿನಲ್ಲಿ ಅರ್ಥವಿರಲಿಲ್ಲವೆಂದು ನಾವು ಹೇಳಲಾರೆವು. ಆಸ್ಥಾನಗಳ ಹೊಗಳಿಕೆಯಲ್ಲಿ ಕಾವ್ಯ ಮುಳುಗಿದ್ದ ಕಾಲದಲ್ಲಿ ಆ ವ್ರತಕ್ಕೆ ದೊಡ್ಡ ಬೆಲೆಯಿತ್ತು. ಆದರೆ ಸರಿಯಾದ ತತ್ವವನ್ನು ಹಿಡಿದ ಕೈಯೇ ಪಾದರಕ್ಷೆಯನ್ನೂ ಹಿಡಿದಾಗ, ಪೆಟ್ಟು ತಿಂದವನಿಗೆ ತತ್ವ ಕಾಣುವುದಿಲ್ಲ, ಪಾದರಕ್ಷೆ ಮಾತ್ರ ಕಾಣುತ್ತದೆ. ಮಗನ ಒಳಿತಿಗೆಂದೇ ಬೈದೆನೆನ್ನುವ ತಂದೆಗೂ, ಶಿಸ್ತಿಗೆಂದೇ ಹೊಡೆದೆನೆನ್ನುವ ಮಾಸ್ತರರಿಗೂ ಇದು ಅನ್ವಯಿಸುತ್ತದೆ.

ವಿಚಿತ್ರವೆಂದರೆ, ಯಾವ ಕಾವ್ಯಕ್ಕಾಗಿ ಈ ಪೆಟ್ಟು ಬಿದ್ದಿತೋ ಆ ಹರಿಶ್ಚಂದ್ರ ಕಾವ್ಯದ ತಿರುಳೂ ಹಿರಿಯರ ಮಾತ್ಸರ್ಯವೇ. ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ನಡುವೆ ಹುಟ್ಟಿದ ಹಟ ಎಲ್ಲಿಗೆ ಹೋಗಿ ಮುಟ್ಟುತ್ತದೆ? ಏನೂ ಅರಿಯದ ಬಾಲಕ ಲೋಹಿತಾಶ್ವನು ಹಾವು ಕಚ್ಚಿ ಸಾಯುವಲ್ಲಿಗೆ, ತಾಯಿ ಚಂದ್ರಮತಿಯು ಅವನ ಶವವನ್ನು ಹೊತ್ತು ಸುಡುಗಾಡಿಗೆ ಬರುವಲ್ಲಿಗೆ. ದೊಡ್ಡವರ ಪಂತದಲ್ಲಿ ಮಕ್ಕಳು ಬೇಯುವ ಬಗೆಯನ್ನು ಕನ್ನಡದಲ್ಲಿ ಇಷ್ಟು ಕಟುವಾಗಿ ತೋರಿಸಿದ ಇನ್ನೊಂದು ಹಳೆಯ ಕೃತಿ ನಮಗೆ ನೆನಪಾಗದು.

ಪೆಟ್ಟು ತಿಂದ ರಾಘವಾಂಕನು ಏನು ಮಾಡಿದನು? ಮಾವನಿಗೆ ತಿರುಗಿ ಬೀಳಲಿಲ್ಲ, ಮೂಲೆ ಹಿಡಿದು ಕೂಡಲೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹರಿಶ್ಚಂದ್ರ ಕಾವ್ಯದ ಓಲೆಗಳನ್ನು ಒಲೆಗೆ ಹಾಕಲಿಲ್ಲ. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ, ಅವನ ಕೃತಿಗಳಲ್ಲಿ ಅದೇ ಮೇಲೆಂದು ಓದುಗರು ಎಣಿಸುತ್ತ ಬಂದಿದ್ದಾರೆ. ಕ್ಷಮೆಯೆಂದರೆ ತನ್ನದೇ ತಪ್ಪೆಂದು ಒಪ್ಪಿ ಬಾಗುವುದು ಎಂದು ಎಳೆಯರು ತಿಳಿಯುತ್ತಾರೆ, ಹಾಗೆ ತಿಳಿಯುವಂತೆ ನಾವೇ ಕಲಿಸುತ್ತೇವೆ. ರಾಘವಾಂಕನು ಬರೆದದ್ದನ್ನು ಉಳಿಸಿಕೊಂಡನು, ಮಾವನನ್ನೂ ಉಳಿಸಿಕೊಂಡನು. ಹರಿಹರನು ತೆರೆದ ದಾರಿಯಲ್ಲಿಯೇ ನಡೆದು, ಅವನದಲ್ಲದ ಛಂದಸ್ಸಿನಲ್ಲಿ, ಅಂದರೆ ಷಟ್ಪದಿಯಲ್ಲಿ ಬರೆದನು. ಅಂದು ಅವನು ಕಂಠವನ್ನು ಕೆಳಗಿಟ್ಟಿದ್ದರೆ ಷಟ್ಪದಿಯ ಹಾದಿ ಹೀಗೆ ಹಸನಾಗುತ್ತಿರಲಿಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನಿಗೆ ಆ ಹಾದಿ ಎಷ್ಟು ಒದಗಿತೆಂಬುದನ್ನು ನಮ್ಮ ಭಾಗದ ಗಮಕಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪುಲಿಗೆರೆಯ ವಿಷಯ. ಆ ಐದು ಕೃತಿಗಳಲ್ಲಿ ಒಂದಾದ 'ಸೋಮನಾಥ ಚರಿತೆ'ಯ ನಾಯಕನು ಶರಣ ಆದಯ್ಯ. ಅವನ ಚರಿತೆಯನ್ನು ಹರಿಹರನೂ ರಗಳೆಯಲ್ಲಿ ಹಾಡಿದ್ದನು. ಮಾವನು ಹೇಳಿದ ಕಥೆಯನ್ನೇ ಅಳಿಯನು ಮತ್ತೆ ಕೈಗೆತ್ತಿಕೊಂಡದ್ದು ಮುನಿಸು ಮುರಿಯುವ ಒಂದು ಉಪಾಯವೇ ಆಗಿದ್ದಿರಬಹುದು. ಮತ್ತೂ ಸೋಜಿಗವೆಂದರೆ ಆ ಕಥೆಯೂ ಒಬ್ಬ ತರುಣನ ಕೋಪದ ಕಥೆ.

ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ ಆದಯ್ಯನು ಅಲ್ಲಿಯ ಜೈನ ಮನೆತನದ ಕನ್ಯೆ ಪದ್ಮಾವತಿಯನ್ನು ಒಲಿದು ಮದುವೆಯಾಗುತ್ತಾನೆ. ಮಾವನ ಮನೆಯಲ್ಲಿ ಅವನ ಶಿವಭಕ್ತ ಅತಿಥಿಗಳಿಗೆ ಉಣಿಸಿನ ವಿಷಯದಲ್ಲಿ ಅವಮಾನವಾಗುತ್ತದೆ. ಅಷ್ಟಕ್ಕೇ ಕೆರಳಿದ ಆದಯ್ಯನು ಸೌರಾಷ್ಟ್ರದ ಸೋಮನಾಥನನ್ನೇ ತಂದು ಇಲ್ಲಿಯ ಬಸದಿಯಲ್ಲಿ ನಿಲ್ಲಿಸುವೆನೆಂದು ಪಣ ತೊಟ್ಟು ಮನೆಬಿಟ್ಟು ಹೊರಡುತ್ತಾನೆ. ಬಾಗಿಲಲ್ಲಿ ಉಳಿದ ಪದ್ಮಾವತಿಗೆ ಒಂದು ಕಡೆ ತವರು, ಇನ್ನೊಂದು ಕಡೆ ಗಂಡ. ಒಂದು ತುತ್ತು ಅನ್ನದಲ್ಲಿ ತೀರಬಹುದಾಗಿದ್ದ ನೋವು ಎರಡು ಧರ್ಮಗಳ ಜಗಳವಾಗಿ ಬೆಳೆಯುತ್ತದೆ. ಕಾವ್ಯದಲ್ಲಿ ಸೋಮನಾಥನು ಬರುತ್ತಾನೆ, ಬಸದಿ ಶಿವಾಲಯವಾಗುತ್ತದೆ. ಈ ಗೆಲುವನ್ನು ಅಂದಿನ ಕವಿಗಳು ಸಂಭ್ರಮದಿಂದ ವರ್ಣಿಸಿದರು. ಇಂದು ನಾವು ಆ ಸಂಭ್ರಮದಲ್ಲಿ ಪಾಲುಗೊಳ್ಳಬೇಕಾದ ಅಗತ್ಯವಿಲ್ಲವೆಂದು ನಮ್ಮ ಅಭಿಪ್ರಾಯ. ಅತಿಥಿಗಳ ಅವಮಾನ ನಿಜವಾದದ್ದು, ಆದಯ್ಯನ ನೋವೂ ನಿಜವಾದದ್ದು. ಆದರೆ ಮನೆಯೊಳಗಿನ ನೋವನ್ನು ಊರಿನ ಮೇಲೆ, ಮತ್ತೊಬ್ಬರ ದೇವರ ಮೇಲೆ ತೀರಿಸಿಕೊಳ್ಳುವುದು ಎಲ್ಲಿಗೆ ಒಯ್ಯುತ್ತದೆಂಬುದನ್ನು ನಾವು ನಂತರದ ಶತಮಾನಗಳಲ್ಲಿ ಬೇಕಾದಷ್ಟು ಕಂಡಿದ್ದೇವೆ.

ಕಾವ್ಯದ ಆದಯ್ಯನನ್ನು ಬಿಟ್ಟು 'ಸೌರಾಷ್ಟ್ರ ಸೋಮೇಶ್ವರ' ಅಂಕಿತದ ವಚನಗಳ ಆದಯ್ಯನ ಬಳಿಗೆ ಬನ್ನಿ. ಸುಮಾರು 400 ವಚನಗಳು ದೊರೆತಿವೆ. ಅಲ್ಲಿ ಹೆಚ್ಚಾಗಿ ಕಾಣುವುದು ಷಟ್‌ಸ್ಥಲದ ವಿವೇಚನೆ, ಅಂಗ ಲಿಂಗ ಸಂಬಂಧದ ಸೂಕ್ಷ್ಮ ವಿಚಾರ, ಅರಿವಿನ ಹುಡುಕಾಟ. ಪಣ ತೊಟ್ಟು ಬಾಗಿಲು ದಾಟಿದ ಆ ಯುವಕನಿಗಿಂತ, ಕುಳಿತು ತನ್ನನ್ನೇ ಪರೀಕ್ಷಿಸಿಕೊಳ್ಳುವ ಶರಣನನ್ನು ಅವು ನಮಗೆ ಪರಿಚಯಿಸುತ್ತವೆ. ಲಕ್ಷ್ಮೇಶ್ವರವೂ ಹಾಗೆಯೇ. ನಂದಿಯ ಮೇಲೆ ಶಿವಪಾರ್ವತಿಯರು ಕುಳಿತ ಅಪರೂಪದ ಮೂರ್ತಿಯಿರುವ ಸೋಮೇಶ್ವರ ದೇವಾಲಯ ಅಲ್ಲಿದೆ. ಸಹಸ್ರಕೂಟವುಳ್ಳ ಶಂಖ ಬಸದಿಯೂ, ಅನಂತನಾಥ ಬಸದಿಯೂ ಅದೇ ಊರಿನಲ್ಲಿವೆ. ಅಲ್ಲಿಂದ ಅನತಿ ದೂರದ ಶಿರಹಟ್ಟಿಯಲ್ಲಿ, ವಿಜಾಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಕೃಪೆಯನ್ನು ನೆನೆಯುವ ಫಕೀರೇಶ್ವರ ಮಠವಿದೆ. ದ್ವೇಷವನ್ನು ತೊರೆದು ಪ್ರೀತಿಸಬೇಕೆಂಬುದು ಆ ಮಠದ ಘೋಷವಾಕ್ಯ. ಗದುಗಿನ ತೋಂಟದಾರ್ಯ ಮಠದ ಪೂಜ್ಯ ಸಿದ್ಧಲಿಂಗ ಮಹಾಸ್ವಾಮಿಗಳವರಿಗೆ (1949–2018) ರಾಷ್ಟ್ರೀಯ ಕೋಮುಸೌಹಾರ್ದ ಪ್ರಶಸ್ತಿ ಸಂದದ್ದನ್ನೂ ಇಲ್ಲಿ ಸ್ಮರಿಸಬಹುದು. ಆದಯ್ಯನ ಕೋಪದ ಕಥೆ ಹುಟ್ಟಿದ ನೆಲವೇ ಇದು.

ಮಾವ ಅಳಿಯಂದಿರೆಂದಾಗ ಗದುಗಿನವರಿಗೆ ಇನ್ನೊಂದು ಪ್ರಸಂಗ ನೆನಪಾಗದಿರದು. 1914ರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜರನ್ನು ಸಾಕಿದವರು ಅವರ ಸೋದರಮಾವ ಚಂದ್ರಶೇಖರಯ್ಯನವರು. ತಮ್ಮ ಹಾರ್ಮೋನಿಯಂ ಮೇಲೆ ಬಾಲಕನು ಬೆರಳಾಡಿಸುವುದನ್ನು ಕಂಡ ಆ ಮಾವ, ಅವನನ್ನು ಪಂಚಾಕ್ಷರ ಗವಾಯಿಗಳವರ ಬಳಿಗೆ ಕರೆದೊಯ್ದರು. ವೀರೇಶ್ವರ ಪುಣ್ಯಾಶ್ರಮದ ಮುಂದಿನ ಇತಿಹಾಸವೆಲ್ಲ ಆ ಒಂದು ನಡೆಯಿಂದ ಬೆಳೆಯಿತು. ಹಿರಿಯರ ವಸ್ತುವನ್ನು ಮುಟ್ಟಿದ್ದಕ್ಕೆ ಪೆಟ್ಟು ಬೀಳುವ ಮನೆಗಳೂ ಆ ಕಾಲದಲ್ಲಿ ಕಡಿಮೆಯಿರಲಿಲ್ಲ.

ಐತಿಹ್ಯದ ಲೆಕ್ಕದಲ್ಲಿ ಒಂದು ಮಾತು ನಮಗೆ ಇಂದಿಗೂ ಕಾಡುತ್ತದೆ. ಹೊಡೆದವನು ಮಾವ, ಐದು ಕಾವ್ಯಗಳ ದುಡಿಮೆ ಮಾಡಿದವನು ಅಳಿಯ. ಗಾಯ ಮಾಯಿಸುವ ಕೆಲಸವೆಲ್ಲ ಗಾಯಗೊಂಡವನ ಹೆಗಲಿಗೇ ಬಿದ್ದಿತು. ಪರೀಕ್ಷೆಯ ಫಲಿತಾಂಶದ ದಿನ, ಮದುವೆಯ ಮಾತಿನ ದಿನ ನಮ್ಮ ಮನೆಗಳಲ್ಲಿಯೂ ಹೀಗೆಯೇ ಆಗುತ್ತದೆ. ಎಲ್ಲರೆದುರು ಬೈಸಿಕೊಂಡ ಹುಡುಗನೇ ಸಂಜೆ ಬಂದು ಕ್ಷಮೆ ಕೇಳಬೇಕು. ಕೇಳದೆ ಬಾಗಿಲು ಹಾಕಿಕೊಂಡರೆ ಅದು ಮತ್ತೊಂದು ಅಪರಾಧ. ಆ ಮುಚ್ಚಿದ ಬಾಗಿಲನ್ನು ತಟ್ಟಿ ಮೊದಲು ಮಾತನಾಡಿಸಬೇಕಾದವರು ಹಿರಿಯರು. ಮನಸ್ಸು ತೀರ ಕುಗ್ಗಿದವರಿಗೆ 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ದೊರೆಯುತ್ತದೆ. ಮನೆಯವರಿಗೆ ಹೇಳಲಾಗದ್ದನ್ನು ಅಲ್ಲಿ ಹೇಳಬಹುದು.

ಆ ಐದು ಕೃತಿಗಳಲ್ಲಿ ಸೋಮನಾಥ ಚರಿತೆ, ಸಿದ್ಧರಾಮ ಚರಿತೆ, ವೀರೇಶ ಚರಿತೆ ಈ ಮೂರು ಮಾತ್ರ ಇಂದು ದೊರೆಯುತ್ತವೆ. ಶರಭ ಚರಿತೆ ಸಿಕ್ಕಿಲ್ಲ. ಮಾವನ ಹೆಸರನ್ನು ಶೀರ್ಷಿಕೆಯಲ್ಲಿಯೇ ನೆನಪಿಸುವ ಹರಿಹರ ಮಹತ್ವವೂ ಸಿಕ್ಕಿಲ್ಲ.